ಉತ್ತೇಜಕ ಮಾದಕ ವಸ್ತುಗಳು: ಹಾಲು ಉತ್ಪಾದಕರ ಮನೆಗಳು ತಿಳಿದಿರಬೇಕಾದ ಸಂಗತಿ

(ಮೈಸೂರಿನಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ನನ್ನಿಂದ ತಾವು ಸಾಮಾನ್ಯವಾಗಿ ಕೇಳುವುದು ಕೆಚ್ಚಲು ಬಾವು, ಖನಿಜ ಮಿಶ್ರಣ, ಹಸಿರು ಮೇವು, ಕಾಲುಬಾಯಿ ಜ್ವರದ ಲಸಿಕೆ, ಇಂಥ ಮಾತುಗಳನ್ನು. ಇಂದಿನ ವಿಷಯ ಬೇರೆ. ಊಟಕ್ಕೆ ಮುಂಚೆ ಹಿರಿಯ ಸದಸ್ಯರೊಬ್ಬರು ನನ್ನನ್ನು ಕೇಳಿದರು: “ಡಾಕ್ಟ್ರೇ, ನೀವು ದನದ ಡಾಕ್ಟ್ರು. ಮನುಷ್ಯರ ಚಟದ ಮಾತು ನಿಮಗೇಕೆ?” ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರವನ್ನೂ ಹೇಳುತ್ತೇನೆ. ಹಸು ಸಾಕುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಮನೆಯ ಒಬ್ಬ ಮಗ ಕೈತಪ್ಪಿದರೆ ಮೊದಲು ಕೊಟ್ಟಿಗೆ ಸೊರಗುತ್ತದೆ. ಬಟವಾಡೆಯ ಹಣ ಕಾಣೆಯಾಗುತ್ತದೆ, ಹಿಂಡಿ ಬೂಸ ಕಡಿಮೆಯಾಗುತ್ತದೆ, ಕೊನೆಗೆ ಹಸುವೇ ಸಂತೆಗೆ ಹೋಗುತ್ತದೆ. ಇನ್ನೊಂದು ಕಾರಣ, ಚಟ ಎಂಬುದು ದೇಹದಲ್ಲಿ ಹೇಗೆ ಬೇರೂರುತ್ತದೆ ಎಂಬುದನ್ನು ಹಸು ಸಾಕುವವರಿಗೆ ಬಹಳ ಸುಲಭವಾಗಿ ಹೇಳಬಹುದು. ಅದರ ಅರ್ಧ ಪಾಠ ತಮಗೆ ಈಗಾಗಲೇ ಗೊತ್ತಿದೆ.

ನಮ್ಮ ಊರಿನ ಸುದ್ದಿ

“ಡ್ರಗ್ಸ್ ಎಲ್ಲ ಬೊಂಬಾಯಿ, ಬೆಂಗಳೂರಿನ ಮಾತು, ನಮ್ಮ ಮೈಸೂರಿಗೇನು?” ಎನ್ನುವ ಕಾಲ ಮುಗಿಯಿತು. 2025ರ ಏಪ್ರಿಲ್ ತಿಂಗಳಲ್ಲಿ ಮುಂಬೈನ ಸಾಕಿನಾಕಾ ಠಾಣೆಯ ಪೊಲೀಸರಿಗೆ ಕೆಲವೇ ಗ್ರಾಂ ಮಾದಕ ಪುಡಿ ಸಿಕ್ಕಿತು. ಅದರ ಜಾಡು ಹಿಡಿದು ಹೊರಟವರು ಜುಲೈ ಕೊನೆಯ ವಾರದಲ್ಲಿ ಬಂದು ನಿಂತದ್ದು ನಮ್ಮ ಮೈಸೂರಿನ ವರ್ತುಲ ರಸ್ತೆಯ ಬದಿಯ ಒಂದು ಶೆಡ್ಡಿನ ಮುಂದೆ. ಅಲ್ಲಿ ಎಂ.ಡಿ. ಎಂದು ಕರೆಯುವ ಮೆಫೆಡ್ರೋನ್ ತಯಾರಾಗುತ್ತಿತ್ತು. ಸುಮಾರು 187 ಕಿಲೋ ಮಾಲು ಸಿಕ್ಕಿತು. ಇಡೀ ಪ್ರಕರಣದಲ್ಲಿ ವಶಪಡಿಸಿಕೊಂಡ ಮಾಲಿನ ಬೆಲೆ ಸುಮಾರು 390 ಕೋಟಿ ರೂಪಾಯಿ ಎಂದು ಪೊಲೀಸರು ಹೇಳಿದರು.

187 ಕಿಲೋ ಎಂದರೆ ಎಷ್ಟು? ನಮ್ಮ 40 ಲೀಟರಿನ ಐದು ಕ್ಯಾನ್ ಹಾಲಿನಷ್ಟೂ ತೂಗುವುದಿಲ್ಲ. ಒಂದು ಸಣ್ಣ ಗಾಡಿಯಲ್ಲಿ ಹಾಕಿದರೆ ಯಾರ ಕಣ್ಣಿಗೂ ಬೀಳದು. ಅಷ್ಟು ಚಿಕ್ಕ ಗಂಟಿಗೆ ಅಷ್ಟು ದೊಡ್ಡ ಬೆಲೆ ಇರುವುದರಿಂದಲೇ ಈ ವ್ಯಾಪಾರ ಹರಡುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ವರ್ತುಲ ರಸ್ತೆಗೆ ಬಂದದ್ದು ಹಳ್ಳಿಯ ಬಾಗಿಲಿಗೆ ಬರಲು ಎಷ್ಟು ದೂರ?

ಹಾಗೆಂದು ಹೆದರಿ ಕೂರಬೇಕಾಗಿಲ್ಲ. ದೆಹಲಿಯ ಏಮ್ಸ್ ಸಂಸ್ಥೆಯವರು ಕೇಂದ್ರ ಸರ್ಕಾರಕ್ಕಾಗಿ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಮದ್ಯ ಸೇವಿಸುವವರು ಶೇಕಡ 14.6. ಆಂಫೆಟಮಿನ್ ಜಾತಿಯ ಉತ್ತೇಜಕಗಳನ್ನು ಬಳಸುವವರು ಶೇಕಡ 0.18, ಎಂದರೆ ಸಾವಿರಕ್ಕೆ ಸುಮಾರು ಇಬ್ಬರು. ಇಂದಿಗೂ ಹಳ್ಳಿಯ ಮನೆಗಳನ್ನು ಹೆಚ್ಚು ಹಾಳು ಮಾಡುತ್ತಿರುವುದು ಮದ್ಯದ ಅಂಗಡಿಯೇ. ಆದರೆ ರೋಗ ಒಂದೆರಡು ಹಸುವಿನಲ್ಲಿ ಇರುವಾಗಲೇ ಗುರುತಿಸಿದರೆ ಮಂದೆ ಉಳಿಯುತ್ತದೆ. ಆದ್ದರಿಂದ ಈಗಲೇ ಈ ಮಾತು.

ಉತ್ತೇಜಕ ಎಂದರೇನು?

ಮಾದಕ ವಸ್ತುಗಳೆಲ್ಲ ಒಂದೇ ರೀತಿಯವಲ್ಲ. ಅಫೀಮು, ಹೆರಾಯಿನ್ ಮನುಷ್ಯನನ್ನು ಜೋಂಪು ಹತ್ತಿಸಿ ಮಲಗಿಸುತ್ತವೆ. ಉತ್ತೇಜಕಗಳು ಇದಕ್ಕೆ ವಿರುದ್ಧ. ಇವು ಚಾವಟಿಯ ಹಾಗೆ. ನಿದ್ದೆ ಓಡಿಸುತ್ತವೆ, ಹಸಿವು ಕೊಲ್ಲುತ್ತವೆ, ಇಲ್ಲದ ಶಕ್ತಿ ಇದೆ ಎನ್ನಿಸುತ್ತವೆ. ಕೊಕೇನ್, ಆಂಫೆಟಮಿನ್, ಮೆತಾಂಫೆಟಮಿನ್, ಮೆಫೆಡ್ರೋನ್ ಈ ಗುಂಪಿನವು. ಬೀಡಿ ಮತ್ತು ಹೊಗೆಸೊಪ್ಪಿನ ನಿಕೋಟಿನ್ ಕೂಡ ಇದೇ ಕುಲದ್ದು. ಬಲದಲ್ಲಿ ಕಡಿಮೆಯಾದರೂ ಚಟ ಹಿಡಿಸುವುದರಲ್ಲಿ ಕಡಿಮೆಯಿಲ್ಲ ಎಂಬುದು ಬೀಡಿ ಬಿಡಲು ಹೊರಟವರಿಗೆಲ್ಲ ಗೊತ್ತು.

ಆಂಫೆಟಮಿನ್ ಅನ್ನು ಮೊದಲು ತಯಾರಿಸಿದ್ದು 1887ರಲ್ಲಿ ಜರ್ಮನಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ನಿದ್ದೆಗೆಟ್ಟು ಹೋರಾಡಲೆಂದು ಜರ್ಮನಿ ಮತ್ತು ಜಪಾನಿನಲ್ಲಿ ಮೆತಾಂಫೆಟಮಿನ್ ಮಾತ್ರೆ ಹಂಚಿದರು. ಯುದ್ಧ ಮುಗಿಯಿತು, ಚಟ ಮುಗಿಯಲಿಲ್ಲ. ಜಪಾನಿನಲ್ಲಿ ಉಳಿದ ದಾಸ್ತಾನು ಸಾರ್ವಜನಿಕರ ಕೈಸೇರಿ ಯುವಕರು ಹಾಳಾದರು. 1951ರಲ್ಲಿ ಆ ಸರ್ಕಾರ ಇದಕ್ಕಾಗಿಯೇ ಬೇರೆ ಕಾನೂನು ಮಾಡಬೇಕಾಯಿತು.

ಮೆಫೆಡ್ರೋನಿನ ನೆಂಟಸ್ತಿಕೆ ಒಂದು ಗಿಡದೊಡನೆ. ಯೆಮನ್, ಇಥಿಯೋಪಿಯ ದೇಶಗಳಲ್ಲಿ ಜನ ನಾವು ಎಲೆಅಡಿಕೆ ಹಾಕುವಂತೆ ಖಾತ್ ಎಂಬ ಗಿಡದ ಎಲೆ ಅಗಿಯುತ್ತಾರೆ. ಅದರಲ್ಲಿರುವ ಉತ್ತೇಜಕದ ಮಾದರಿಯಲ್ಲೇ ಕಾರ್ಖಾನೆಯಲ್ಲಿ ಮಾಡಿದ, ಅದಕ್ಕಿಂತ ಬಹುಪಾಲು ಉಗ್ರವಾದ ಪುಡಿ ಇದು. ನಮ್ಮ ದೇಶದಲ್ಲಿ 2015ರ ಫೆಬ್ರವರಿಯಲ್ಲಿ ಇದನ್ನು ಮಾದಕ ವಸ್ತುಗಳ ಕಾಯಿದೆಯ ಪಟ್ಟಿಗೆ ಸೇರಿಸಲಾಯಿತು.

ಇನ್ನೊಂದು ದಾರಿಯನ್ನೂ ಹೇಳಬೇಕು. ಅರಿವಳಿಕೆ ಕೊಟ್ಟಾಗ ರೋಗಿಯ ರಕ್ತದೊತ್ತಡ ಕುಸಿದರೆ ಏರಿಸಲು ವೈದ್ಯರು ಬಳಸುವ ಮೆಫೆಂಟರ್ಮಿನ್ ಎಂಬ ಇಂಜೆಕ್ಷನ್ ಇದೆ. ದೇಶದ ಹಲವು ಕಡೆ ವ್ಯಾಯಾಮ ಶಾಲೆಗೆ ಹೋಗುವ ಹುಡುಗರು ದಣಿವು ಗೊತ್ತಾಗದಿರಲೆಂದು ಇದನ್ನು ಚುಚ್ಚಿಕೊಳ್ಳುವುದು ಕಂಡುಬಂದಿದೆ. “ಇದು ಔಷಧ, ಡ್ರಗ್ಸ್ ಅಲ್ಲ” ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಂಜೆಕ್ಷನ್ನಿಗೆ ಒಗ್ಗಿದ ಹಸು

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಕರು ಬಾಯಿ ಹಾಕಿದಾಗ ಅಥವಾ ಕೆಚ್ಚಲು ತೊಳೆದು ತೊಟ್ಟು ಸವರಿದಾಗ ಹಸುವಿನ ಮಿದುಳಿನ ಕೆಳಗಿರುವ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬರುತ್ತದೆ. ಆಗ ಹಸು ಸೊರೆ ಬಿಡುತ್ತದೆ. ಇದು ಪ್ರಕೃತಿ ಕೊಟ್ಟ ಏರ್ಪಾಡು.

ಕರು ಸತ್ತು ಹಸು ಸೊರೆ ಬಿಡದಿದ್ದಾಗ ಕೆಲವರು ಅಂಗಡಿಯಿಂದ ಆಕ್ಸಿಟೋಸಿನ್ ತಂದು ಚುಚ್ಚುತ್ತಾರೆ. ಮೊದಲ ದಿನ ಹಾಲು ದಬದಬನೆ ಇಳಿಯುತ್ತದೆ. ಹದಿನೈದು ದಿನ, ಒಂದು ತಿಂಗಳು ಹೀಗೇ ಮುಂದುವರಿದರೆ ಏನಾಗುತ್ತದೆ? ಇಂಜೆಕ್ಷನ್ ಇಲ್ಲದೆ ಆ ಹಸು ಸೊರೆ ಬಿಡುವುದೇ ಇಲ್ಲ. ಹಸು ಮೊಂಡು ಬಿದ್ದಿದೆ ಎಂದು ಹೊಡೆಯುತ್ತಾರೆ. ಹಸುವಿನ ತಪ್ಪೇನೂ ಇಲ್ಲ. ಹೊರಗಿನಿಂದ ದಿನವೂ ಹೆಚ್ಚು ಬಂದು ಬೀಳುತ್ತಿರುವಾಗ, ತನ್ನೊಳಗೆ ಹುಟ್ಟುವ ಸ್ವಲ್ಪ ರಸಕ್ಕೆ ಕೆಚ್ಚಲು ಓಗೊಡುವುದನ್ನೇ ಬಿಟ್ಟಿದೆ. ವೈದ್ಯರ ಸಲಹೆಯಿಲ್ಲದೆ ಈ ಇಂಜೆಕ್ಷನ್ ಕೂಡದು ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಮನುಷ್ಯನ ಮಿದುಳಿನಲ್ಲಿ ಡೋಪಮಿನ್ ಎಂಬ ರಸವಿದೆ. ಹಸಿದಾಗ ಉಂಡರೆ, ದುಡಿದು ಕೂಲಿ ಪಡೆದರೆ, ಮಗುವಿನ ಮುಖ ನೋಡಿದರೆ ಇದು ಸ್ವಲ್ಪ ಸ್ವಲ್ಪವೇ ಸುರಿದು “ಚೆನ್ನಾಗಿದೆ, ಮತ್ತೆ ಮಾಡು” ಎನ್ನುತ್ತದೆ. ಬದುಕಿನ ಉಮೇದು ಎಂದು ನಾವು ಕರೆಯುವುದಕ್ಕೆ ಇದು ಬಹಳ ಮಟ್ಟಿಗೆ ಆಧಾರ. ಉತ್ತೇಜಕ ಪುಡಿ ಮಿದುಳಿಗೆ ಹೋದರೆ ಈ ರಸ ಕಟ್ಟೆಯೊಡೆದ ಕೆರೆಯ ನೀರಿನಂತೆ ಒಮ್ಮೆಗೇ ನುಗ್ಗುತ್ತದೆ. ಪದೇ ಪದೇ ಹೀಗಾದಾಗ ಮಿದುಳು ಅದಕ್ಕೆ ಓಗೊಡುವುದನ್ನು ಕಡಿಮೆ ಮಾಡುತ್ತದೆ. ಆಮೇಲೆ ಊಟ ರುಚಿಸದು, ಹಬ್ಬ ಬೇಡ, ಹೆಂಡತಿ ಮಕ್ಕಳು ಬೇಡ. ಪುಡಿಯಿಲ್ಲದೆ ಮನಸ್ಸು ಸೊರೆ ಬಿಡುವುದಿಲ್ಲ. ಹಸುವಿನಲ್ಲಿ ಕೆಲಸ ಮಾಡುವ ರಸ ಬೇರೆ, ಮನುಷ್ಯನಲ್ಲಿ ಬೇರೆ. ಆದರೆ ಪಾಠ ಒಂದೇ: ಹೊರಗಿನಿಂದ ತುರುಕಿದ್ದು ಒಳಗಿನದನ್ನು ಬತ್ತಿಸುತ್ತದೆ.

ಇನ್ನೂ ಒಂದು ಹೋಲಿಕೆ. ಹಾಲಿನ ಪಾತ್ರೆಯ ಸದ್ದು ಕೇಳಿದರೇ ಕೆಲವು ಹಸುಗಳ ತೊಟ್ಟಿನಲ್ಲಿ ಹಾಲು ಜಿನುಗುತ್ತದೆ. ಅಭ್ಯಾಸ ಅಷ್ಟು ಗಟ್ಟಿ. ಚಟ ಬಿಟ್ಟ ಹುಡುಗನೂ ಅಷ್ಟೇ. ಹಳೆಯ ಗೆಳೆಯನ ಬೈಕಿನ ಸದ್ದು ಕೇಳಿದರೆ, ಆ ಹಳೆಯ ಜಾಗ ಕಂಡರೆ, ಕೈಗೆ ಹಣ ಬಂದರೆ ಆಸೆ ಎದ್ದು ಕೂರುತ್ತದೆ. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ “ಇವನು ಉದ್ಧಾರವಾಗುವುದಿಲ್ಲ” ಎನ್ನಬಾರದು. ಆ ಸದ್ದಿನಿಂದ ಅವನನ್ನು ದೂರವಿಡುವುದು ಹೇಗೆ ಎಂದು ಯೋಚಿಸಬೇಕು.

ದೇಹಕ್ಕೆ ಆಗುವ ಹಾನಿ

ಚಾವಟಿ ಹೊಡೆದರೆ ಎತ್ತು ಓಡುತ್ತದೆ, ಆದರೆ ಅದರ ಹೊಟ್ಟೆಗೆ ಹಿಡಿ ಹುಲ್ಲೂ ಬಿದ್ದಿರುವುದಿಲ್ಲ. ಉತ್ತೇಜಕದಿಂದ ಎದೆ ಬಡಿತ, ರಕ್ತದೊತ್ತಡ, ಮೈಶಾಖ ಮೂರೂ ಏರುತ್ತವೆ. ಇಪ್ಪತ್ತು ಇಪ್ಪತ್ತೈದು ವಯಸ್ಸಿನವರಲ್ಲೂ ಹೃದಯಾಘಾತ, ಲಕ್ವ, ಸೆಳವು ಬರಬಹುದು. ಎಂ.ಡಿ.ಯ ಮತ್ತು ಬೇಗ ಇಳಿಯುವುದರಿಂದ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ತೆಗೆದುಕೊಳ್ಳುತ್ತಾರೆ. ಅಪಾಯ ಹೆಚ್ಚುವುದು ಅಲ್ಲಿಯೇ. ಎರಡು ಮೂರು ದಿನ ನಿದ್ದೆಗೆಟ್ಟವನಿಗೆ ಯಾರೋ ಹಿಂಬಾಲಿಸುತ್ತಿದ್ದಾರೆ, ಮನೆಯವರೇ ವಿಷ ಹಾಕುತ್ತಾರೆ ಎಂಬ ಭ್ರಮೆ ಹುಟ್ಟುತ್ತದೆ. ಮತ್ತು ಇಳಿದ ಮೇಲೆ ಬರುವ ಖಿನ್ನತೆ ಇನ್ನೂ ಕೆಟ್ಟದ್ದು. ಆತ್ಮಹತ್ಯೆಯ ಯೋಚನೆ ಬರುವುದು ಆಗಲೇ. ಮನೆಯಲ್ಲಿ ಇಂಥ ಸಂಶಯವಿದ್ದರೆ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಇವತ್ತೇ ಬೀಗದೊಳಗೆ ಇಡಿ. ಇದೊಂದು ಕೆಲಸ ಜೀವ ಉಳಿಸಬಲ್ಲದು.

ರಾತ್ರಿ ವಾಹನ ಓಡಿಸುವ ಹುಡುಗರಿಗೆ ವಿಶೇಷವಾಗಿ ಹೇಳುತ್ತೇನೆ. ಉತ್ತೇಜಕವು ನಿದ್ದೆಯನ್ನು ತೀರಿಸುವುದಿಲ್ಲ, ನಿದ್ದೆಯ ಸಾಲವನ್ನು ಮುಂದಕ್ಕೆ ಹಾಕುತ್ತದೆ ಅಷ್ಟೇ. ಆ ಸಾಲ ಸ್ಟೀರಿಂಗ್ ಹಿಡಿದಿರುವಾಗಲೇ ವಸೂಲಿಗೆ ಬರಬಹುದು.

ಮನೆಯಲ್ಲಿ ಗುರುತಿಸುವುದು ಹೇಗೆ?

ಸುಪ್ತ ಕೆಚ್ಚಲು ಬಾವಿನಲ್ಲಿ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಪರೀಕ್ಷೆಯ ದ್ರಾವಣ ಹಾಕಿದಾಗಲೇ ಗೊತ್ತಾಗುವುದು. ಹಾಗೆಯೇ ಚಟದ ಆರಂಭವೂ ಹೊರಗೆ ಕಾಣದು. ಈ ಕೆಳಗಿನ ಬದಲಾವಣೆಗಳ ಪೈಕಿ ಮೂರು ನಾಲ್ಕು ಒಟ್ಟಿಗೆ ಕಂಡರೆ ಎಚ್ಚರಗೊಳ್ಳಿ.

1. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲ, ಆಮೇಲೆ ಹಗಲೂ ರಾತ್ರಿಯೂ ಎದ್ದೇಳದ ನಿದ್ದೆ.
2. ಕೆಲವೇ ವಾರಗಳಲ್ಲಿ ಮೈ ಇಳಿಯುವುದು, ಊಟ ಸೇರದಿರುವುದು.
3. ಕಣ್ಣಿನ ಪಾಪೆ ಅಗಲವಾಗಿರುವುದು, ಹಲ್ಲು ಕಡಿಯುವುದು, ಮೂಗು ಸೋರುವುದು ಅಥವಾ ಮೂಗಿನಲ್ಲಿ ರಕ್ತ.
4. ಕಾರಣವಿಲ್ಲದ ಸಿಟ್ಟು, ಸಂಶಯ, ಎಡೆಬಿಡದ ಮಾತು.
5. ಹಳೆಯ ಸ್ನೇಹಿತರನ್ನು ಬಿಟ್ಟು ಹೊಸಬರ ಸಹವಾಸ, ಹೊತ್ತಲ್ಲದ ಹೊತ್ತಿನ ಫೋನು.
6. ಹಣ ಕಾಣೆಯಾಗುವುದು, ಮನೆಯ ಸಾಮಾನು ಅಡವಿಡುವುದು.

ಇವುಗಳಿಗೆ ಬೇರೆ ಕಾಯಿಲೆಗಳೂ ಕಾರಣವಿರಬಹುದು. ಆದ್ದರಿಂದ ತೀರ್ಪು ಕೊಡಬೇಡಿ, ವೈದ್ಯರಿಗೆ ತೋರಿಸಿ.

ಕೊನೆಯ ಅಂಶದ ಬಗ್ಗೆ ತಾಯಂದಿರಿಗೆ ಒಂದು ಮಾತು. ಹಿಂದೆ ಬಟವಾಡೆ ದಿನ ಹಣವನ್ನು ಸಂಘದಲ್ಲಿ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಿರಿ. ಈಗ ಅದು ಬ್ಯಾಂಕ್ ಖಾತೆಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಎ.ಟಿ.ಎಂ. ಕಾರ್ಡು, ಗುಪ್ತ ಸಂಖ್ಯೆ, ಫೋನು ಎಲ್ಲ ಮಗನ ಕೈಯಲ್ಲಿದ್ದರೆ ಖಾತೆ ತಮ್ಮ ಹೆಸರಿನಲ್ಲಿದ್ದೂ ಪ್ರಯೋಜನವಿಲ್ಲ. ಹಾಲಿನ ಚೀಟಿಯನ್ನೂ ಪಾಸ್‌ಬುಕ್ಕನ್ನೂ ತಿಂಗಳಿಗೊಮ್ಮೆ ತಾಳೆ ನೋಡಿ. ಓದಲು ಬಾರದಿದ್ದರೆ ಸಂಘದ ಕಾರ್ಯದರ್ಶಿಯನ್ನು ಕೇಳಿ.

ಶೆಡ್ಡು ಬಾಡಿಗೆಗೆ ಕೊಡುವ ಮುನ್ನ

ನಗರ ಬೆಳೆದಂತೆ ವರ್ತುಲ ರಸ್ತೆಯ ಆಸುಪಾಸಿನ ಹಳ್ಳಿಗಳಲ್ಲಿ ದನ ಮಾರಿದವರ ಕೊಟ್ಟಿಗೆಗಳು, ಕೋಳಿ ಶೆಡ್ಡುಗಳು ಖಾಲಿ ಬಿದ್ದಿವೆ. ಹೊರಗಿನವರು ಬಂದು ಕೇಳಿದ್ದಕ್ಕಿಂತ ಹೆಚ್ಚು ಬಾಡಿಗೆ, ಕೈತುಂಬ ಮುಂಗಡ ಕೊಡುತ್ತಾರೆ. ಏಕೆ ಕೊಡುತ್ತಾರೆ ಎಂದು ಯೋಚಿಸಿ.

1985ರ ಮಾದಕ ವಸ್ತುಗಳ ಕಾಯಿದೆ ಬಹಳ ಕಠಿಣ. ಮೆಫೆಡ್ರೋನ್ 50 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಅದೇ ಕಾಯಿದೆಯ 25ನೆಯ ಕಲಮು ಹೇಳುವುದೇನೆಂದರೆ, ತನ್ನ ಮನೆ, ಕೋಣೆ, ಆವರಣ, ಜಾಗ, ಪ್ರಾಣಿ ಅಥವಾ ವಾಹನವನ್ನು ಇಂಥ ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟವನಿಗೆ ಅಪರಾಧ ಮಾಡಿದವನಷ್ಟೇ ಶಿಕ್ಷೆ. “ತಿಳಿದೂ” ಎಂಬ ಮಾತು ಅಲ್ಲಿದೆ, ನಿಜ. ಆದರೆ ನನಗೆ ತಿಳಿದಿರಲಿಲ್ಲ ಎಂದು ಹೇಳಲು ಠಾಣೆಗೂ ಕೋರ್ಟಿಗೂ ಎಷ್ಟು ಸಲ ಅಲೆಯಬೇಕು?

ಆದ್ದರಿಂದ ಬಾಡಿಗೆ ಕರಾರು ಬರೆಸಿ, ಗುರುತಿನ ಚೀಟಿಯ ಪ್ರತಿ ಪಡೆದು ಠಾಣೆಗೆ ತಿಳಿಸಿ. ಯಾವ ಕೆಲಸ ನಡೆಯುತ್ತದೆ ಎಂದು ಹೋಗಿ ನೋಡುವ ಹಕ್ಕನ್ನು ಕರಾರಿನಲ್ಲೇ ಇಟ್ಟುಕೊಳ್ಳಿ. ಮೂಗಿಗೆ ಅಡರುವ ರಾಸಾಯನಿಕ ವಾಸನೆ, ಸದಾ ಮುಚ್ಚಿದ ಬಾಗಿಲು, ರಾತ್ರಿ ಮಾತ್ರ ಬರುವ ಡ್ರಮ್ಮುಗಳು ಕಂಡರೆ ಸುಮ್ಮನಿರಬೇಡಿ. ಇಂಥ ಕಡೆ ಬಳಸುವ ಆಮ್ಲ, ದ್ರಾವಕಗಳನ್ನು ಚರಂಡಿಗೋ ಹಳ್ಳಕ್ಕೋ ಬಿಟ್ಟರೆ ಆ ನೀರು ಕುಡಿಯುವುದು ನಮ್ಮ ದನಗಳು. ಮಾಹಿತಿ ಕೊಡಲು 112 ಅಥವಾ ಮಾದಕ ವಸ್ತುಗಳಿಗೆಂದೇ ಇರುವ 1933 ಸಂಖ್ಯೆಗೆ ಕರೆ ಮಾಡಬಹುದು.

ಚಿಕಿತ್ಸೆ ಇದೆ

ಮಗನ ಜೇಬಿನಲ್ಲಿ ಪುಡಿ ಸಿಕ್ಕಿತು. ತಂದೆ ಏನು ಮಾಡುತ್ತಾರೆ? ಮೊದಲು ಹೊಡೆಯುತ್ತಾರೆ. ಆಮೇಲೆ ಊರಿಗೆ ತಿಳಿದರೆ ಮಾನ ಹೋಯಿತು, ಮಗಳ ಮದುವೆ ನಿಂತಿತು ಎಂದು ಮುಚ್ಚಿಡುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಇನ್ನೊಂದು ಮನೆಯ ಹೆಣ್ಣುಮಗಳನ್ನು ಈ ಬೆಂಕಿಗೆ ತಳ್ಳುವವರೂ ಇದ್ದಾರೆ. ಈ ಮೂರೂ ದಾರಿ ತಪ್ಪು. ಕೆಚ್ಚಲು ಬಾವು ಬಂದ ಹಸುವನ್ನು ಯಾರೂ ಹೊಡೆದು ವಾಸಿ ಮಾಡಿಲ್ಲ, ಬಚ್ಚಿಟ್ಟೂ ವಾಸಿ ಮಾಡಿಲ್ಲ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ಇದನ್ನು ತಿಳಿಯಬೇಕು. ಅದೇ ಕಾಯಿದೆಯ 64ಎ ಕಲಮಿನಲ್ಲಿ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧಕ್ಕೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಪೂರ್ಣ ಮಾಡಬೇಕು ಅಷ್ಟೇ. ಮಾರಾಟ ಮಾಡುವವನಿಗೆ ಈ ರಕ್ಷಣೆ ಇಲ್ಲ.

ಅಫೀಮು ಜಾತಿಯ ಚಟಕ್ಕೆ ಬದಲಿ ಔಷಧಿಗಳಿವೆ. ಉತ್ತೇಜಕಗಳ ಚಟಕ್ಕೆ ಹಾಗೆ ಒಂದೇ ಮಾತ್ರೆಯಲ್ಲಿ ಬಿಡಿಸುವ ಔಷಧ ಇಲ್ಲ. “ಮೂರು ದಿನದಲ್ಲಿ ಬಿಡಿಸುತ್ತೇವೆ” ಎಂಬ ಜಾಹೀರಾತು ನಂಬಿ ಹಣ ಕಳೆದುಕೊಳ್ಳಬೇಡಿ. ಇಲ್ಲಿ ಮುಖ್ಯ ಚಿಕಿತ್ಸೆ ಆಪ್ತ ಸಲಹೆ, ಮನಸ್ಸಿನ ತರಬೇತಿ, ನಿದ್ದೆ ಮತ್ತು ಖಿನ್ನತೆಗೆ ಔಷಧ, ಮನೆಯವರ ಸಹಕಾರ. ತಿಂಗಳುಗಟ್ಟಲೆ ಹಿಡಿಯುತ್ತದೆ. ಬತ್ತಿದ ಹಸು ಮತ್ತೆ ಹಾಲಿಗೆ ಬರಲು ಕಾಯುವ ತಾಳ್ಮೆ ಇರುವ ನಮಗೆ ಮಗನಿಗಾಗಿ ಕಾಯಲು ಆಗದೇ?

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಯಿಂದಲೇ ಮಾತನಾಡಬೇಕೆಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಉಚಿತವಾಗಿ ಸಲಹೆ ಕೊಡುತ್ತಾರೆ. ವ್ಯಸನ ಮುಕ್ತಿಯ ಸಹಾಯವಾಣಿ 14446.

ಸೇವಿಸಿದವನಿಗೆ ಎದೆನೋವು, ವಿಪರೀತ ಮೈಬಿಸಿ, ಸೆಳವು ಅಥವಾ ಹುಚ್ಚು ಆವೇಶ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಕಟ್ಟಿ ಹಾಕಬೇಡಿ. ಎಚ್ಚರ ತಪ್ಪಿದವನ ಬಾಯಿಗೆ ಮಜ್ಜಿಗೆ, ನಿಂಬೆರಸ ಸುರಿಯಬೇಡಿ. ಗಾಳಿ ಆಡಲು ಬಿಟ್ಟು, ಒದ್ದೆ ಬಟ್ಟೆಯಿಂದ ಮೈ ಒರೆಸಿ. ಏನು ತೆಗೆದುಕೊಂಡಿದ್ದಾನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಸಂಘಗಳು ಮಾಡಬಹುದಾದ ಕೆಲಸ

ಹಳ್ಳಿಯಲ್ಲಿ ದಿನಕ್ಕೆ ಎರಡು ಸಲ, ಜಾತಿ ಪಕ್ಷವೆನ್ನದೆ ಎಲ್ಲ ಮನೆಯವರೂ ಸೇರುವ ಜಾಗ ಹಾಲಿನ ಡೇರಿ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು? ಮೇಲೆ ಹೇಳಿದ ದೂರವಾಣಿ ಸಂಖ್ಯೆಗಳನ್ನು ಜಿಡ್ಡಿನಂಶದ ದರಪಟ್ಟಿಯ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿ. ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕರೆಸಿ ಮಾತನಾಡಿಸಿ. ಹಾಲು ಸಾಗಿಸುವ ವಾಹನದ ಚಾಲಕರಿಗೆ ಸಾಕಷ್ಟು ನಿದ್ದೆ ಸಿಗುತ್ತಿದೆಯೇ ಎಂದು ವಿಚಾರಿಸಿ. ಯಾವುದಾದರೂ ಮನೆಯ ಹಾಲು ಒಮ್ಮೆಗೇ ಕಡಿಮೆಯಾದರೆ, ಹಸುವಿಗೆ ಏನಾಯಿತು ಎಂದು ಕೇಳುವ ಕಾರ್ಯದರ್ಶಿ ಮನೆಯವರು ಹೇಗಿದ್ದಾರೆ ಎಂದೂ ಕೇಳಲಿ. ಆದರೆ ಕೇಳಿದ್ದನ್ನು ಊರೆಲ್ಲ ಸಾರಬಾರದು. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ತಾಯಿಯೊಬ್ಬಳು ಬಾಯಿ ಬಿಡುತ್ತಾಳೆ.

ಹಾಲು ಹಾಳಾಗುವುದು ಒಂದು ತೊಟ್ಟು ಹುಳಿಯಿಂದ. ಅದನ್ನು ತಡೆಯಲು ನಾವು ಪಾತ್ರೆ ತೊಳೆಯುತ್ತೇವೆ, ಪರೀಕ್ಷೆ ಮಾಡುತ್ತೇವೆ, ಬೇಗ ತಣ್ಣಗಾಗಿಸುತ್ತೇವೆ. ಅಷ್ಟೇ ಎಚ್ಚರವನ್ನು ನಮ್ಮ ಮಕ್ಕಳ ವಿಷಯದಲ್ಲೂ ವಹಿಸೋಣ. ಸಂಶಯ ಬಂದ ದಿನವೇ ಕೇಳಿ, ಕೇಳಿದ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.